ಕಚಗುಳಿಯನ್ನು ಪರೀಕ್ಷಿಸುವುದು ಹೇಗೆ?

ಈಚೆಗೆ ಗುಬ್ಬಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ವಿಷಯವಾಗಿ ನಾಲ್ಕು ಮಾತನಾಡುವ ಅವಕಾಶ ನಮಗೆ ಒದಗಿತ್ತು. ಭಾಷಣ ಮುಗಿದ ಮೇಲೆ, ಸಂಪ್ರದಾಯದಂತೆ, ಸಂದೇಹಗಳೇನಾದರೂ ಇದ್ದರೆ ಕೇಳಬಹುದೆಂದು ಮಕ್ಕಳಿಗೆ ಹೇಳಿದೆವು. ಒಬ್ಬಳು ಗ್ರಹಣವನ್ನು ಕುರಿತು ಕೇಳಿದಳು. ಇನ್ನೊಬ್ಬ ಚಂದ್ರಯಾನವನ್ನು ಕುರಿತು ಕೇಳಿದ. ಕಟ್ಟಕಡೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಒಬ್ಬರಿಗೆ ಕಚಗುಳಿ ಆಗುತ್ತೋ ಇಲ್ಲವೋ ಅಂತ ತಿಳಿಯೋದು ಹೇಗೆ?" ಎಂದ. ಕೊಠಡಿಯೆಲ್ಲ ಗೊಳ್ಳೆಂದು ನಕ್ಕಿತು. ಪಕ್ಕದಲ್ಲಿ ಕುಳಿತಿದ್ದವನು ಅವನ ಪಕ್ಕೆಗೆ ಬೆರಳು ತಿವಿದು ಉತ್ತರವನ್ನು ಅಲ್ಲಿಯೇ ಕೊಟ್ಟುಬಿಟ್ಟ. ಪ್ರಶ್ನೆ ಕೇಳಿದವನು ಮೈ ಹಿಂಡಿಕೊಂಡು ನಗುತ್ತ ಕುಸಿದು ಕುಳಿತ. ಉಪಾಧ್ಯಾಯರು ಹುಬ್ಬುಗಂಟಿಕ್ಕಿದರು, ಗಂಟೆ ಹೊಡೆಯಿತು, ಸಭೆ ಮುಗಿಯಿತು.

ಗುಬ್ಬಿಯಿಂದ ತುಮಕೂರಿಗೆ ಹಿಂದಿರುಗುವ ಸುಮಾರು 20 ಕಿಲೊಮೀಟರ್ ದಾರಿಯುದ್ದಕ್ಕೂ ಆ ಪ್ರಶ್ನೆಯೇ ನಮ್ಮ ತಲೆಯಲ್ಲಿ ಸುಳಿಯುತ್ತಿತ್ತು. ಹುಡುಗಾಟದ ಪ್ರಶ್ನೆಯೆಂದು ಅದನ್ನು ತಳ್ಳಿಹಾಕುವಂತಿಲ್ಲ. ಗ್ರೀಕರ ಅರಿಸ್ಟಾಟಲನಿಂದ ಹಿಡಿದು ಡಾರ್ವಿನ್ನನವರೆಗೆ, ಡಾರ್ವಿನ್ನನಿಂದ ಹಿಡಿದು ಇಂದಿನ ಮೆದುಳುಶಾಸ್ತ್ರಜ್ಞರವರೆಗೆ ಅನೇಕರು ಈ ಕಚಗುಳಿಯ ಬೆನ್ನು ಹತ್ತಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಪಕ್ಕದ ಹುಡುಗ ಕೊಟ್ಟ ಉತ್ತರವೇ ಲೋಕವೆಲ್ಲ ಕೊಡುತ್ತಿರುವ ಉತ್ತರ: ಮುಟ್ಟಿ ನೋಡು, ನಕ್ಕರೆ ಉಂಟು, ನಗದಿದ್ದರೆ ಇಲ್ಲ. ನೋಡುವುದಕ್ಕೆ ಇದು ಪ್ರಯೋಗದಂತೆಯೇ ಇದೆ. ಆದರೆ ಇದು ಕೆಟ್ಟ ಪ್ರಯೋಗವೆಂದೂ, ಇದರಿಂದ ದೊರೆಯುವ ಎರಡು ಉತ್ತರಗಳೂ ನಂಬಲರ್ಹವಲ್ಲವೆಂದೂ ನಮ್ಮ ಅಭಿಪ್ರಾಯ. ಏಕೆಂಬುದನ್ನು ತರುಣ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಎರಡು ಬಗೆಯ ಕಚಗುಳಿ

ಕಚಗುಳಿಯೆಂಬ ಒಂದೇ ಮಾತಿನಿಂದ ನಾವು ಕರೆಯುವ ಅನುಭವದಲ್ಲಿ ಎರಡು ಬಗೆಗಳಿವೆ. 1897ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಹಾಲ್ ಮತ್ತು ಆರ್ಥರ್ ಆಲಿನ್ ಎಂಬುವರು ಇವೆರಡನ್ನೂ ಬೇರ್ಪಡಿಸಿ, ಗ್ರೀಕ್ ಮೂಲದ ಎರಡು ಹೆಸರುಗಳನ್ನಿಟ್ಟರು. ಇರುವೆಯೊಂದು ಮೊಣಕಾಲಿನ ಮೇಲೆ ಹರಿದಾಗ, ಗರಿಯ ತುದಿ ಕತ್ತನ್ನು ಸವರಿದಾಗ ಆಗುವುದು ಮೊದಲನೆಯ ಬಗೆ. ಇದಕ್ಕೆ ನಿಸ್ಮೆಸಿಸ್ ಎಂದು ಹೆಸರು. ಇದರಿಂದ ನಗು ಬರುವುದಿಲ್ಲ. ಆ ಜಾಗವನ್ನು ಒರೆಸಿಕೊಳ್ಳಬೇಕು, ಕೊಡವಿಕೊಳ್ಳಬೇಕು ಎನಿಸುತ್ತದೆ, ಅಷ್ಟೇ. ಇದು ನವೆಗೆ ಹತ್ತಿರದ ನಂಟ.

ಈ ಮೊದಲನೆಯ ಬಗೆಯನ್ನು ಕಣ್ಣಾರೆ ಕಾಣಬೇಕೆಂಬುವರು ಕುಣಿಗಲ್ಲಿಗೆ ಹೋಗಬೇಕು. ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರು ಅದು. ಕುದುರೆಯ ಪಕ್ಕೆಯ ಮೇಲೆ ನೊಣವೊಂದು ಬಂದು ಕುಳಿತರೆ ಸಾಕು, ಕಾಲನ್ನಾಗಲಿ ಬಾಲವನ್ನಾಗಲಿ ಆಡಿಸದೆಯೇ ಆ ಜಾಗದ ಚರ್ಮವಷ್ಟೇ, ಕೆರೆಯ ನೀರಿನ ಮೇಲೆ ಗಾಳಿ ಸುಳಿದಂತೆ, ಅಲೆಯಲೆಯಾಗಿ ಅದುರುತ್ತದೆ. ಚರ್ಮದ ಅಡಿಯಲ್ಲಿ ಹಾಳೆಯಂತೆ ಹಬ್ಬಿರುವ ತೆಳುವಾದ ಸ್ನಾಯುವೊಂದು ಈ ಕೆಲಸವನ್ನು ಮಾಡುತ್ತದೆ. ಹಸು ಎತ್ತುಗಳಲ್ಲಿಯೂ ಇದುಂಟು. ಕುಣಿಗಲ್ಲಿಗೆ ಹೋಗಲಾರದವರು ತಮ್ಮ ಮನೆಯ ಕೊಟ್ಟಿಗೆಯಲ್ಲಿಯೇ ನಿಂತು ನೋಡಬಹುದು. ಮನುಷ್ಯನ ಮೈಯಲ್ಲಿ ಆ ಸ್ನಾಯು ಬಹುಮಟ್ಟಿಗೆ ಇಲ್ಲವಾಗಿದೆ; ಕೈಗಳಿರುವ ನಮಗೆ ಅದರ ಅಗತ್ಯವೂ ಅಷ್ಟಿಲ್ಲ. ಕಚ್ಚುವ ಹುಳುಹುಪ್ಪಟೆಗಳನ್ನು, ಅವು ಕಚ್ಚುವ ಮೊದಲೇ, ಮೈಮೇಲಿಂದ ದೂರ ಮಾಡುವುದು ಈ ಬಗೆಯ ಕಚಗುಳಿಯ ಪ್ರಯೋಜನವೆಂದು ಸುಲಭವಾಗಿ ಊಹಿಸಬಹುದು.

ಎರಡನೆಯ ಬಗೆ ಬೇರೆ. ಕಂಕುಳು, ಪಕ್ಕೆ, ಹೊಟ್ಟೆ, ಅಂಗಾಲು ಮೊದಲಾದ ಕಡೆಗಳಲ್ಲಿ ಬೆರಳುಗಳಿಂದ ತುಸು ಒತ್ತಿ ಆಡಿಸಿದಾಗ ಮೈ ಕೊಂಕುತ್ತದೆ, ಕೈಕಾಲುಗಳು ತಮ್ಮಷ್ಟಕ್ಕೆ ತಾವೇ ಮುದುರಿಕೊಳ್ಳುತ್ತವೆ, ತಡೆಯಲಾರದ ನಗು ಉಕ್ಕಿ ಬರುತ್ತದೆ. ಇದು ಗಾರ್ಗಲೆಸಿಸ್. ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್ ಮೊದಲಾದ ವಾನರಗಳಲ್ಲಿಯೂ ಇದುಂಟು. ಕಚಗುಳಿಯಿಟ್ಟಾಗ ಅವು ಹೊರಡಿಸುವ ಏದುಸಿರಿನಂತಹ ಸದ್ದಿಗೂ ಮನುಷ್ಯಶಿಶುವಿನ ನಗುವಿಗೂ ವಂಶದ ಸಂಬಂಧವಿದೆಯೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಗುಬ್ಬಿಯ ಹುಡುಗ ಕೇಳಿದ್ದು ಈ ಎರಡನೆಯ ಬಗೆಯನ್ನು ಕುರಿತು. ಮುಂದೆ ನಾವು ಹೇಳುವುದೆಲ್ಲ ಇದನ್ನು ಕುರಿತದ್ದೇ.

ತನಗೆ ತಾನೇ ಏಕೆ ಇಟ್ಟುಕೊಳ್ಳಲಾಗದು?

ತನ್ನ ಕಂಕುಳಿಗೆ ತಾನೇ ಬೆರಳಿಟ್ಟು ನಕ್ಕವರನ್ನು ಯಾರೂ ಕಂಡಿಲ್ಲ. ಇದು ಎಲ್ಲರೂ ಬಲ್ಲ ಸಂಗತಿಯಾದರೂ ಇದರ ಕಾರಣ ಬಹುಕಾಲ ಗೂಢವಾಗಿಯೇ ಇತ್ತು. ಮನುಷ್ಯನಿಗೆ ಕಚಗುಳಿಯಾಗುವುದಕ್ಕೆ ಅವನ ತೆಳುವಾದ ಚರ್ಮವೂ, ನಗಬಲ್ಲ ಪ್ರಾಣಿ ಅವನೊಬ್ಬನೇ ಆಗಿರುವುದೂ ಕಾರಣವೆಂದು ಅರಿಸ್ಟಾಟಲ್ ತಿಳಿದಿದ್ದನು. ಭಾವಪ್ರಕಟನೆಯನ್ನು ಕುರಿತು 1872ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಡಾರ್ವಿನ್ ಇನ್ನೂ ಸೂಕ್ಷ್ಮವಾದ ಎರಡು ಮಾತುಗಳನ್ನು ಹೇಳಿದನು. ಮುಟ್ಟುವ ಸ್ಥಳ ಯಾವುದೆಂಬುದು ಮುಟ್ಟಿಸಿಕೊಳ್ಳುವವನಿಗೆ ಮೊದಲೇ ತಿಳಿದಿರಬಾರದು ಎಂಬುದು ಒಂದು. ಅಪರಿಚಿತನು ಕಚಗುಳಿಯಿಟ್ಟರೆ ಮಗು ನಗುವುದಿಲ್ಲ, ಹೆದರಿ ಚೀರುತ್ತದೆ ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಮೊದಲನೆಯ ಮಾತಿನ ರಹಸ್ಯ ಬಯಲಾದುದು ಡಾರ್ವಿನ್ನನ ಕಾಲದಿಂದ ಒಂದು ಶತಮಾನಕ್ಕಿಂತಲೂ ಹೆಚ್ಚು ಕಾಲವಾದ ಮೇಲೆ. 1998ರಲ್ಲಿ ಲಂಡನ್ನಿನ ವಿಜ್ಞಾನಿಗಳಾದ ಸಾರಾ-ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೊಲ್ಪರ್ಟ್, ಕ್ರಿಸ್ ಫ್ರಿತ್ ಎಂಬುವರು ಜನರನ್ನು ಮೆದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿಸಿ, ಅವರ ಅಂಗೈಯನ್ನು ಮೆತ್ತನೆಯ ವಸ್ತುವಿನಿಂದ ಸವರಿಸಿದರು. ಪರರು ಸವರಿದಾಗ ಸ್ಪರ್ಶವನ್ನು ಅರಿಯುವ ಮೆದುಳಿನ ಭಾಗ ಹೆಚ್ಚು ಚುರುಕಾಗಿಯೂ, ತಾವೇ ಸವರಿಕೊಂಡಾಗ ಅದು ಮಂದವಾಗಿಯೂ ಕಂಡಿತು. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು ಇದಕ್ಕೆ ಕಾರಣವೆಂದು ಅವರು ಸೂಚಿಸಿದರು. ನಮ್ಮ ಕೈ ಚಲಿಸಬೇಕಾದಾಗ ಮೆದುಳು ಅಪ್ಪಣೆಯನ್ನು ಕೊಡುವುದಷ್ಟೇ ಅಲ್ಲ, ಆ ಚಲನೆಯಿಂದ ಮೈಗೆ ಏನು ಅನುಭವವಾದೀತೆಂಬುದನ್ನೂ ಮುಂದಾಗಿ ಲೆಕ್ಕ ಹಾಕಿಡುತ್ತದೆ. ಬಂದ ಅನುಭವ ಲೆಕ್ಕಕ್ಕೆ ಸರಿಹೊಂದಿದರೆ ಅದನ್ನು ಕಡೆಗಣಿಸುತ್ತದೆ. ತನ್ನ ಅಂಗಡಿಗೆ ತಾನೇ ಕೊಂಡು ತಂದ ಸರಕನ್ನು ಕಂಡು ಯಾವ ವರ್ತಕನೂ ಬೆರಗಾಗುವುದಿಲ್ಲವಷ್ಟೆ!

ಈ ವಿವರಣೆ ಸರಿಯಾಗಿದ್ದರೆ, ಲೆಕ್ಕವನ್ನು ತುಸು ತಪ್ಪಿಸಿದಾಗ ತನ್ನಿಂದ ತನಗೇ ಕಚಗುಳಿಯಾಗಬೇಕು. ಅದೇ ವಿಜ್ಞಾನಿಗಳು 1999ರಲ್ಲಿ ಇದನ್ನೂ ಪರೀಕ್ಷಿಸಿದರು. ಒಂದು ಕೈಯಿಂದ ಸನ್ನೆಯನ್ನು ಆಡಿಸಿದರೆ, ಯಂತ್ರವೊಂದು ಅದೇ ಚಲನೆಯನ್ನು ಇನ್ನೊಂದು ಅಂಗೈಯ ಮೇಲೆ ಮಾಡುತ್ತಿತ್ತು. ಯಂತ್ರವು ಕೈಯೊಡನೆಯೇ ಚಲಿಸಿದಾಗ ಕಚಗುಳಿ ಕಡಿಮೆ. ನಡುವೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ, ಎರಡು ಭಾಗ, ಮೂರು ಭಾಗ ಹೀಗೆ ತಡ ಮಾಡುತ್ತ ಹೋದಂತೆ ಕಚಗುಳಿ ಹೆಚ್ಚುತ್ತ ಹೋಯಿತು. ಕಚಗುಳಿಯ ಜೀವವಿರುವುದು ಮುಟ್ಟುವುದರಲ್ಲಿ ಮಾತ್ರವಲ್ಲ, ಮುಟ್ಟುವ ಗಳಿಗೆಯನ್ನೂ ಸ್ಥಳವನ್ನೂ ಮುಂದಾಗಿ ಹೇಳಲಾಗದಿರುವುದರಲ್ಲಿ ಎಂಬುದು ಇದರಿಂದ ಸ್ಥಿರಪಟ್ಟಿತು.

'ಇಲ್ಲ' ಎಂಬ ಉತ್ತರವನ್ನು ನಂಬಬಹುದೆ?

ಈಗ 'ಮುಟ್ಟಿ ನೋಡು' ಎಂಬ ಪರೀಕ್ಷೆಯ ಕಡೆಗೆ ತಿರುಗೋಣ. ಮುಟ್ಟಿದೆವು, ಅವನು ನಗಲಿಲ್ಲ. 'ಇವನಿಗೆ ಕಚಗುಳಿಯಿಲ್ಲ' ಎಂದು ತೀರ್ಪು ಕೊಡಬಹುದೆ?

ಕೊಡಲಾಗದು. ರಕ್ತದ ಗುಂಪು ಬೆಳಿಗ್ಗೆ ಒಂದು, ಸಂಜೆ ಒಂದು ಆಗಿರುವುದಿಲ್ಲ, ಕಚಗುಳಿ ಹಾಗಲ್ಲ. ಜರ್ಮನಿಯ ಬರ್ಲಿನ್ನಿನಲ್ಲಿ ಶಿಂಪೇ ಇಶಿಯಾಮ ಮತ್ತು ಮಿಖಾಯೆಲ್ ಬ್ರೆಕ್ಟ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಕಚಗುಳಿಯಿಟ್ಟರೆ ಇಲಿಗಳು ಸುಮಾರು 50 ಕಿಲೊಹರ್ಟ್ಸ್ ಕಂಪನದ ಸೂಕ್ಷ್ಮವಾದ ಕೂಗನ್ನು ಹೊರಡಿಸುತ್ತವೆಂಬುದನ್ನು ಅಮೆರಿಕದ ಯಾಕ್ ಪ್ಯಾಂಕ್ಸೆಪ್ ಮತ್ತು ಅವರ ಸಂಗಡಿಗರು ಅದಕ್ಕೂ ಮೊದಲೇ ಕಂಡುಕೊಂಡಿದ್ದರು. ಮನುಷ್ಯನ ಕಿವಿಗೆ ಕೇಳಿಸುವ ಮಿತಿ ಸುಮಾರು 20 ಕಿಲೊಹರ್ಟ್ಸ್ ಆದುದರಿಂದ ಉಪಕರಣವಿಲ್ಲದೆ ಆ ಕೂಗು ನಮಗೆ ಕೇಳಿಸದು. ಬರ್ಲಿನ್ನಿನ ವಿಜ್ಞಾನಿಗಳು ಅದೇ ಇಲಿಗಳನ್ನು ಎತ್ತರವಾದ ಪೀಠದ ಮೇಲೆ, ಪ್ರಖರವಾದ ಬೆಳಕಿನಲ್ಲಿ ನಿಲ್ಲಿಸಿ ಕಚಗುಳಿಯಿಟ್ಟರು. ಎತ್ತರವೂ ಬೆಳಕೂ ಇಲಿಗೆ ಭಯದ ನಿಮಿತ್ತಗಳು. ಆಗ ಕೂಗು ತಗ್ಗಿತು. ಮೆದುಳಿನಲ್ಲಿ ಕಚಗುಳಿಗೆ ಮಿಡಿಯುತ್ತಿದ್ದ ಜೀವಕೋಶಗಳ ಚಟುವಟಿಕೆಯೂ ತಗ್ಗಿತು. ಇಲಿ ಅದೇ, ಬೆರಳು ಅದೇ; ಬದಲಾದುದು ಮನಸ್ಸಿನ ಸ್ಥಿತಿ.

ಹೆದರಿದ ಇಲಿಯನ್ನಷ್ಟೇ ಪರೀಕ್ಷಿಸಿ ಇಲಿಗಳಿಗೆ ಕಚಗುಳಿಯಿಲ್ಲವೆಂದು ಬರೆದಿಟ್ಟಿದ್ದರೆ ವಿಜ್ಞಾನಕ್ಕೆ ಎಷ್ಟು ನಷ್ಟವಾಗುತ್ತಿತ್ತು! ಮನುಷ್ಯನ ವಿಷಯದಲ್ಲಿ ನಾವು ದಿನವೂ ಮಾಡುತ್ತಿರುವುದು ಇದನ್ನೇ. ಹೊಸಬರ ನಡುವೆ ಬಿಗಿದುಕೊಂಡು ಕುಳಿತವನು, ಮೊದಲೇ ಎಚ್ಚರಗೊಂಡು ಉಸಿರು ಹಿಡಿದವನು, ಮನಸ್ಸಿನಲ್ಲಿ ದುಃಖವಿರುವವನು ನಗದೇ ಹೋಗಬಹುದು. ಅವನನ್ನು ನೋಡಿ 'ಕಲ್ಲೆದೆಯವನು' ಎಂದು ಪರಿಹಾಸ್ಯ ಮಾಡುವವರಿದ್ದಾರೆ. ಕಲ್ಲಾಗಿರುವುದು ಅವನ ಎದೆಯಲ್ಲ, ಪರೀಕ್ಷೆ ಮಾಡಿದವನ ವಿಧಾನ.

'ಹೌದು' ಎಂಬ ಉತ್ತರದ ಗತಿಯೇನು?

ನಕ್ಕರೆ? ಮೈಗೆ ಕಚಗುಳಿಯಾಯಿತೆಂಬುದು ಆಗ ನಿಜ. ಆದರೆ ಜನ ಅಷ್ಟಕ್ಕೆ ನಿಲ್ಲುವುದಿಲ್ಲ. 'ನಗುತ್ತಾನೆ, ಆದುದರಿಂದ ಅವನಿಗೆ ಇಷ್ಟ' ಎಂದು ಇನ್ನೊಂದು ಹೆಜ್ಜೆ ಮುಂದೆ ಇಡುತ್ತಾರೆ. ಎಲ್ಲ ಅನರ್ಥವೂ ಈ ಹೆಜ್ಜೆಯಲ್ಲಿದೆ.

ನಮ್ಮ ಭಾಷೆಯೂ ಈ ತಪ್ಪಿಗೆ ತುಸು ಎಡೆಗೊಟ್ಟಿದೆ. ಒಳ್ಳೆಯ ಹಾಸ್ಯವನ್ನು ಹೊಗಳುವಾಗ 'ಮನಸ್ಸಿಗೆ ಕಚಗುಳಿಯಿಡುತ್ತದೆ' ಎನ್ನುತ್ತೇವೆ. ಗುಬ್ಬಿಯ ಹೆಸರನ್ನು ನಾಡಿನಾದ್ಯಂತ ಬೆಳಗಿಸಿದ್ದು ಅಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ಅದರ ಕೀರ್ತಿಪುರುಷರಾಗಿ 1972ರಲ್ಲಿ ತೀರಿಕೊಂಡ ಗುಬ್ಬಿ ವೀರಣ್ಣನವರು ಸ್ವತಃ ಹಾಸ್ಯಪಾತ್ರಗಳಿಗೆ ಹೆಸರಾದವರು. ರಂಗಭೂಮಿಯವರು ಬಲ್ಲ ಒಂದು ಸಂಗತಿಯಿದೆ: ಒಮ್ಮೆ ನಕ್ಕ ಸಭೆ ಮತ್ತೊಮ್ಮೆ ಸುಲಭವಾಗಿ ನಗುತ್ತದೆ. ಹಾಸ್ಯದ ನಗುವೂ ಕಚಗುಳಿಯ ನಗುವೂ ಒಂದೇ ಮೂಲದವಾದರೆ, ಹಾಸ್ಯದಿಂದ ಸಡಿಲಗೊಂಡವನು ಕಚಗುಳಿಗೂ ಹೆಚ್ಚು ನಗಬೇಕು. ಕ್ಯಾಲಿಫೋರ್ನಿಯದ ಕ್ರಿಸ್ಟೀನ್ ಹ್ಯಾರಿಸ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನೇ ಪರೀಕ್ಷಿಸಿದರು. ನಗೆಯ ಚಿತ್ರವನ್ನು ನೋಡಿ ಬಂದವರು ಕಚಗುಳಿಗೆ ಹೆಚ್ಚು ನಗಲಿಲ್ಲ; ಕಚಗುಳಿಯಿಡಿಸಿಕೊಂಡು ಬಂದವರು ನಗೆಯ ಚಿತ್ರಕ್ಕೆ ಹೆಚ್ಚು ನಗಲಿಲ್ಲ. ಎರಡು ನಗುಗಳ ನಡುವೆ ಸೇತುವೆಯಿಲ್ಲದಂತೆ ಕಂಡಿತು.

ಅವರು 1999ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಇನ್ನೂ ಸ್ವಾರಸ್ಯಕರವಾದುದು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ವಿದ್ಯಾರ್ಥಿಗಳಿಗೆ, ಒಮ್ಮೆ ಮನುಷ್ಯನೂ ಒಮ್ಮೆ ಯಂತ್ರವೂ ಅಂಗಾಲಿಗೆ ಕಚಗುಳಿಯಿಡುವುದೆಂದು ಹೇಳಲಾಯಿತು. ಯಂತ್ರ ಸದ್ದು ಮಾಡುತ್ತಿತ್ತೇ ಹೊರತು ಕೆಲಸವನ್ನೇನೂ ಮಾಡುತ್ತಿರಲಿಲ್ಲ. ಎರಡು ಸಲವೂ ಮುಟ್ಟಿದ್ದು ಮೇಜಿನ ಕೆಳಗೆ ಅಡಗಿದ್ದ ಮನುಷ್ಯನ ಕೈಯೇ. ಆದರೂ ಯಂತ್ರವೆಂದು ನಂಬಿದಾಗಲೂ ಅವರು ಅಷ್ಟೇ ನಕ್ಕರು. ಯಂತ್ರದ ಮೇಲೆ ಯಾರಿಗೂ ಸ್ನೇಹವಿರುವುದಿಲ್ಲ. ಹಾಗಾದರೆ ಆ ನಗು ಸ್ನೇಹದ ಗುರುತೆಂದು ಹೇಳುವುದು ಹೇಗೆ? 2005ರಲ್ಲಿ ಹ್ಯಾರಿಸ್ ಮತ್ತು ಅವರ ಸಹೋದ್ಯೋಗಿ ಹಾಸ್ಯ, ಕಚಗುಳಿ, ನೋವು ಈ ಮೂರರಲ್ಲಿ ಮುಖದ ಚಹರೆ ಹೇಗೆ ಬದಲಾಗುವುದೆಂಬುದನ್ನು ಹೋಲಿಸಿ ನೋಡಿದರು. ಕಚಗುಳಿಯ ಮುಖದಲ್ಲಿ ನಗೆಯೊಡನೆ ನೋವಿನ ಚಹರೆಗಳೂ ಬೆರೆತಿದ್ದವು. ಅಲ್ಲಿ ಮೂಡಿದ ನಗೆ ಸಂತೋಷಕ್ಕಷ್ಟೇ ಮೀಸಲಾಗಿರಲಿಲ್ಲ.

ಕೆಮ್ಮು ಬಂದಾಗ ಕೆಮ್ಮುವವನ ಒಪ್ಪಿಗೆಯನ್ನು ಕೆಮ್ಮು ಕೇಳುವುದಿಲ್ಲ. ಕಚಗುಳಿಯ ನಗುವೂ ಬಹುಮಟ್ಟಿಗೆ ಹಾಗೆಯೇ. ಅಷ್ಟೇ ಅಲ್ಲ, ತೀವ್ರವಾದ ನಗುವಿನಲ್ಲಿ ಉಸಿರು ಮೇಲಿಂದ ಮೇಲೆ ಹೊರದೂಡಲ್ಪಡುತ್ತದೆ. ಮಾತಿಗೆ ಬೇಕಾದ ಉಸಿರೇ ಉಳಿಯುವುದಿಲ್ಲ. 'ಬೇಡ' ಎನ್ನಬೇಕಾದ ಬಾಯನ್ನೇ ನಗು ವಶಪಡಿಸಿಕೊಂಡಿರುತ್ತದೆ. ಸಾಕ್ಷಿಯ ಬಾಯನ್ನು ಮುಚ್ಚಿ, 'ಅವನು ಏನೂ ಆಕ್ಷೇಪಿಸಲಿಲ್ಲ' ಎಂದು ಬರೆದುಕೊಳ್ಳುವ ನ್ಯಾಯಾಲಯವನ್ನು ನಾವು ಏನೆಂದು ಕರೆಯುತ್ತೇವೆ?

ನಾವು ಹಿಡಿದಿದ್ದ ಕಾಲು

ಇಷ್ಟನ್ನು ನಾವು ಪುಸ್ತಕಗಳಿಂದ ತಿಳಿಯುವ ಬಹಳ ಮೊದಲೇ ಒಂದು ಸಲ ಕಣ್ಣಾರೆ ಕಂಡಿದ್ದೆವು. 1980ರ ದಶಕದಲ್ಲಿ, ಪಿ.ಯು.ಸಿ. ಓದುತ್ತಿದ್ದಾಗ, ನಾವು ತುಮಕೂರಿನ ವಿದ್ಯಾರ್ಥಿನಿಲಯವೊಂದರಲ್ಲಿದ್ದೆವು. ಕುಣಿಗಲ್ ಕಡೆಯ ಹಳ್ಳಿಯೊಂದರಿಂದ ಹೊಸದಾಗಿ ಬಂದ ಹುಡುಗನೊಬ್ಬನಿದ್ದ. ಮಾತು ಕಡಿಮೆ, ತನ್ನ ತಗಡಿನ ಪೆಟ್ಟಿಗೆಯ ಮೇಲೆ ಕುಳಿತೇ ಓದುವವನು. ಒಂದು ರಾತ್ರಿ ಊಟವಾದ ಮೇಲೆ, ಇವನಿಗೆ ಕಚಗುಳಿಯಾಗುವುದೋ ಇಲ್ಲವೋ ನೋಡಿಯೇಬಿಡೋಣವೆಂದು ಯಾರೋ ಅಂದರು. ನಾಲ್ವರು ಅವನನ್ನು ಚಾಪೆಯ ಮೇಲೆ ಕೆಡವಿ ಕೈಕಾಲುಗಳನ್ನು ಹಿಡಿದರು. ಐದನೆಯವನು ಪರೀಕ್ಷೆ ಮಾಡಿದ. ಹುಡುಗ ನಕ್ಕ. ನಕ್ಕು ನಕ್ಕು ಹೊರಳಾಡಿದ. ಸುತ್ತ ನಿಂತವರೂ ನಕ್ಕರು. ಅವನಿಗೆ ಎಷ್ಟು ಖುಷಿ ನೋಡಿರೆಂದು ಒಬ್ಬ ಹೇಳಿದ್ದು ನಮಗೆ ಇಂದಿಗೂ ನೆನಪಿದೆ. ಎಷ್ಟು ಹೊತ್ತು ನಡೆಯಿತೋ ತಿಳಿಯದು. ಬಿಟ್ಟಾಗ ಅವನು ಏಳಲಿಲ್ಲ. ಗೋಡೆಯ ಕಡೆಗೆ ಹೊರಳಿ, ಮೊಣಕಾಲುಗಳನ್ನು ಎದೆಗೆ ಸೇರಿಸಿಕೊಂಡು, ಉಸಿರು ಸಿಕ್ಕದೆ ಬಿಕ್ಕಿದ. ನಗು ಯಾವಾಗ ಅಳುವಾಯಿತೆಂಬುದು ಅಲ್ಲಿದ್ದ ಹತ್ತು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಅವನ ಎಡಗಾಲನ್ನು ಹಿಡಿದಿದ್ದ ಕೈಗಳು ನಮ್ಮವು.

ಆ ವರ್ಷವೆಲ್ಲ ಅವನು ಗೋಡೆಗೆ ಬೆನ್ನು ಕೊಟ್ಟೇ ಮಲಗುತ್ತಿದ್ದ. ಯಾರಾದರೂ ಹತ್ತಿರ ಬಂದರೆ ಎರಡು ತೋಳುಗಳನ್ನೂ ಪಕ್ಕೆಗೆ ಅವುಚಿಕೊಳ್ಳುತ್ತಿದ್ದ. ನಮ್ಮಲ್ಲಿ ಯಾರೂ ಅವನ ಕ್ಷಮೆ ಕೇಳಲಿಲ್ಲ. ಕೇಳಬೇಕಾದಂತಹುದೇನು ನಡೆದಿತ್ತು? ಅವನು ನಕ್ಕಿದ್ದನಲ್ಲ! ಪರೀಕ್ಷೆಯಾದ ಮೇಲೆ ಅವನು ಊರಿಗೆ ಹೋದ. ಮತ್ತೆ ಅವನನ್ನು ಕಾಣಲಿಲ್ಲ.

ಇಂದು ಕಾನೂನು ನಮಗಿಂತ ವಿವೇಕಿಯಾಗಿದೆ. 1983ರ ಕರ್ನಾಟಕ ಶಿಕ್ಷಣ ಅಧಿನಿಯಮವೂ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ಹೊರಡಿಸಿದ ನಿಯಮಗಳೂ ರ್‍ಯಾಗಿಂಗನ್ನು ನಿಷೇಧಿಸುತ್ತವೆ. 'ತಮಾಷೆಗೆ ಮಾಡಿದೆವು' ಎಂಬ ಸಮಾಧಾನ ಅವುಗಳ ಮುಂದೆ ನಡೆಯದು. ಆದರೆ ಕಾನೂನು ಹಾಸ್ಟೆಲಿನ ಬಾಗಿಲವರೆಗೆ ಬಂದೀತು. ನೆಂಟರ ಮನೆಯ ಜಗಲಿಯವರೆಗೆ ಬರಲಾರದು. ಮಗು ಅಳುವವರೆಗೂ ಅದನ್ನು ನಗಿಸುವ ಮಾವಂದಿರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಅವರಿಗೆ ಪ್ರೀತಿಯಿಲ್ಲವೆಂದಲ್ಲ, ಅವರು ನಗುವನ್ನು ತಪ್ಪಾಗಿ ಓದುತ್ತಿದ್ದಾರೆ, ಅಷ್ಟೇ.

ಕೈ ಹಿಂದೆಗೆದು ನೋಡಿ

ಹಾಗಾದರೆ ಸರಿಯಾದ ಪರೀಕ್ಷೆ ಯಾವುದು? ಮತ್ತೆ ಬರ್ಲಿನ್ನಿನ ಇಲಿಗಳ ಬಳಿಗೆ ಹೋಗೋಣ. ಇಲಿಯನ್ನು 'ನಿನಗೆ ಇಷ್ಟವೆ?' ಎಂದು ಕೇಳಲಾಗದು. ಆದುದರಿಂದ ವಿಜ್ಞಾನಿಗಳು ಕೂಗನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಚಗುಳಿಯಿಟ್ಟ ಕೈಯನ್ನು ದೂರ ಸರಿಸಿ ಇಲಿ ಏನು ಮಾಡುವುದೆಂದು ನೋಡಿದರು. ಇಲಿಗಳು ಆ ಕೈಯನ್ನು ಬೆನ್ನಟ್ಟಿಕೊಂಡು ಬಂದವು, ನೆಗೆನೆಗೆದು ಕುಣಿದವು. ಬೆರಳು ಮೈಮೇಲಿರುವಾಗ ಹೊರಡುವ ಸದ್ದಿಗಿಂತ, ಬೆರಳು ಹೋದ ಮೇಲೆ ಕಾಲುಗಳು ಹಿಡಿಯುವ ದಿಕ್ಕು ಹೆಚ್ಚಿನ ಸತ್ಯವನ್ನು ಹೇಳುತ್ತದೆ.

ಈ ವಿಧಾನ ನಮಗೆ ಹೊಸದಲ್ಲ. ನಮ್ಮ ಅಜ್ಜಿಯರು ಬರ್ಲಿನ್ನಿನ ಹೆಸರನ್ನು ಕೇಳದೆಯೇ ಇದನ್ನು ಬಲ್ಲವರಾಗಿದ್ದರು. ಮಗುವಿನ ಅಂಗೈಯನ್ನು ಹಿಡಿದು, ಒಂದೊಂದು ಬೆರಳನ್ನೂ ಮಡಿಸಿ ಎಣಿಸಿ, ಆಮೇಲೆ ತನ್ನ ಎರಡು ಬೆರಳುಗಳನ್ನು ಪುಟ್ಟ ಕಾಲುಗಳಂತೆ ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ ನಡೆಸುತ್ತ, 'ಬಂತು, ಬಂತು' ಎಂದು ಹೆದರಿಸುವಂತೆ ನಟಿಸುವ ಆಟವನ್ನು ಯಾರು ಆಡಿಲ್ಲ? ಬೆರಳು ಕಂಕುಳನ್ನು ಮುಟ್ಟುವ ಮೊದಲೇ ಮಗು ನಕ್ಕುಬಿಡುತ್ತದೆ. ಅಜ್ಜಿ ಕಚಗುಳಿಯಿಟ್ಟು, ಕೂಡಲೇ ಕೈಯನ್ನು ಹಿಂದಕ್ಕೆ ತೆಗೆದು, ಸುಮ್ಮನೆ ಕುಳಿತುಬಿಡುತ್ತಾಳೆ. ಮಗು ಏನು ಮಾಡುತ್ತದೆ? ಅಂಗೈಯನ್ನು ತಾನಾಗಿಯೇ ಮತ್ತೆ ಮುಂದಕ್ಕೆ ಚಾಚುತ್ತದೆ. ಆ ಚಾಚಿದ ಅಂಗೈಯೇ ಉತ್ತರ. ಚಾಚದೆ ತಾಯಿಯ ಸೆರಗಿನ ಮರೆಗೆ ಸರಿದರೆ ಅದೂ ಉತ್ತರವೇ. ಆಗ ಅಜ್ಜಿ ಆಟವನ್ನು ಬದಲಾಯಿಸುತ್ತಾಳೆ.

ಮಾತು ಬಲ್ಲವರ ವಿಷಯದಲ್ಲಿ ಕೆಲಸ ಇನ್ನೂ ಸುಲಭ: ಕೇಳಿದರಾಯಿತು. 'ನಿನಗೆ ಕಚಗುಳಿಯಾಗುತ್ತದೆಯೆ? ಎಲ್ಲಿ?' ಎಂಬ ಪ್ರಶ್ನೆಗೆ ಸರಿಯಾದ ಉತ್ತರವನ್ನು ಅವರವರ ಮೈಯೊಡನೆ ಬಾಳಿದವರಿಗಿಂತ ಚೆನ್ನಾಗಿ ಹೇಳುವವರಾರು? ಇಲ್ಲಿ ಒಂದು ಆಕ್ಷೇಪ ಬರಬಹುದು. ಮೊದಲೇ ಕೇಳಿಬಿಟ್ಟರೆ ಅನಿರೀಕ್ಷಿತವೆಂಬುದು ಹೊರಟುಹೋಗಿ ಕಚಗುಳಿಯೇ ಆಗುವುದಿಲ್ಲವಲ್ಲ ಎಂದು. ಈ ಆಕ್ಷೇಪಕ್ಕೆ ಹುರುಳಿಲ್ಲ. ಮೆದುಳಿಗೆ ಮುಂದಾಗಿ ತಿಳಿಯಬಾರದುದು ಬೆರಳು ಮುಟ್ಟುವ ಗಳಿಗೆ ಮತ್ತು ಸ್ಥಳ. ಮುಟ್ಟುವವರು ಯಾರು, ಆಟ ಯಾವುದು ಎಂಬುದಲ್ಲ. ಅಜ್ಜಿಯ ಬೆರಳು ಕಂಕುಳಿಗೇ ಬರುವುದೆಂದು ಮಗು ನೂರು ಸಲ ಬಲ್ಲದು. ಆದರೂ ನೂರೊಂದನೆಯ ಸಲವೂ ನಗುತ್ತದೆ. ಒಪ್ಪಿಗೆ ಕಚಗುಳಿಯನ್ನು ಕೊಲ್ಲುವುದಿಲ್ಲ, ಭಯ ಕೊಲ್ಲುತ್ತದೆ.

ನಿರುಪದ್ರವಿಯಾದ ಆಟವೊಂದಕ್ಕೆ ಇಷ್ಟು ಉಪದೇಶವೇ ಎಂದು ಇನ್ನು ಕೆಲವರು ಕೇಳಿಯಾರು. ಆಟ ನಿಲ್ಲಬೇಕೆಂದು ನಾವು ಹೇಳುತ್ತಿಲ್ಲ. ಕಚಗುಳಿಯಿಲ್ಲದ ಬಾಲ್ಯ ಬಡವಾದುದು. ಆಡುವವರಿಬ್ಬರಿಗೂ ಆಟವನ್ನು ನಿಲ್ಲಿಸುವ ಅಧಿಕಾರವಿರುವುದಾದರೆ ಅದು ಆಟ. ಒಬ್ಬನಿಗೆ ಮಾತ್ರ ಇರುವುದಾದರೆ ಅದಕ್ಕೆ ಬೇರೆ ಹೆಸರಿದೆ.

ನೀವೇ ಮಾಡಿ ನೋಡಬಹುದಾದ ಪ್ರಯೋಗ

ವಿಜ್ಞಾನದ ವಿದ್ಯಾರ್ಥಿಗಳು ಉಪದೇಶದಿಂದ ತೃಪ್ತರಾಗಬಾರದು. ಮನೆಯವರಲ್ಲಿಯೋ ಗೆಳೆಯರಲ್ಲಿಯೋ ಒಪ್ಪಿದವರನ್ನು ಮಾತ್ರ ಸೇರಿಸಿಕೊಂಡು ಈ ಪ್ರಯೋಗವನ್ನು ಮಾಡಿ. ಬೇಕಾದುದು ಒಂದು ಕೋಳಿಯ ಗರಿ, ಒಂದು ನೋಟ್‌ಪುಸ್ತಕ. ನಗುವಾಗ ಮಾತು ಹೊರಡುವುದಿಲ್ಲವಾದುದರಿಂದ ನಿಲ್ಲಿಸಬೇಕೆಂಬುದಕ್ಕೆ ಒಂದು ಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನೆಲವನ್ನು ಎರಡು ಸಲ ತಟ್ಟಿದರೆ ಸಾಕು. ಸನ್ನೆ ಕಂಡೊಡನೆ ಕೈ ನಿಲ್ಲಬೇಕು. ಕೈಕಾಲು ಹಿಡಿಯುವುದು ಕೂಡದು.

ಮೊದಲು ಅವರವರೇ ತಮ್ಮ ಅಂಗಾಲನ್ನು ಗರಿಯಿಂದ ಸವರಿಕೊಳ್ಳಲಿ. ಆಮೇಲೆ ಅವರು ಕಣ್ಣು ಮುಚ್ಚಿರುವಾಗ ನೀವು ಸವರಿ. ಮೂರನೆಯ ಸಲ, ಗರಿ ಹಿಡಿದ ನಿಮ್ಮ ಕೈಯ ಮೇಲೆ ಅವರು ತಮ್ಮ ಕೈಯನ್ನಿಟ್ಟು ಜೊತೆಗೆ ಆಡಿಸಲಿ. ಪ್ರತಿಸಲವೂ ಕಚಗುಳಿ ಎಷ್ಟಾಯಿತೆಂಬುದಕ್ಕೆ ಸೊನ್ನೆಯಿಂದ 10ರವರೆಗೆ ಅವರಿಂದಲೇ ಅಂಕವನ್ನು ಕೊಡಿಸಿ ಬರೆದುಕೊಳ್ಳಿ. ಎರಡನೆಯ ಸಲಕ್ಕಿಂತ ಮೂರನೆಯ ಸಲ ಅಂಕ ತಗ್ಗುವುದನ್ನು ನೀವು ಕಾಣುವ ಸಂಭವ ಹೆಚ್ಚು. ಹೊಟ್ಟೆಯನ್ನು ಒತ್ತಿ ಪರೀಕ್ಷಿಸಬೇಕಾದಾಗ ಕಚಗುಳಿಯಿಂದ ಮುದುಡುವ ರೋಗಿಯ ಕೈಯನ್ನೇ ತಮ್ಮ ಕೈಯೊಡನೆ ಸೇರಿಸಿಕೊಂಡು ಒತ್ತುವ ಉಪಾಯವನ್ನು ವೈದ್ಯರು ಬಳಸುವುದುಂಟು, ರಹಸ್ಯ ಒಂದೇ.

ಕೊನೆಯಲ್ಲಿ ಇನ್ನೊಂದು ಅಂಕಣವನ್ನು ಎಳೆಯಿರಿ. 'ನಕ್ಕರೇ?' ಎಂಬುದು ಒಂದು ಅಂಕಣವಾದರೆ, 'ಇನ್ನೊಮ್ಮೆ ಆಗಬಹುದೆಂದರೇ?' ಎಂಬುದು ಇನ್ನೊಂದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿ. ಮೊದಲನೆಯ ಅಂಕಣದಲ್ಲಿ 'ಹೌದು' ಎಂದಿರುವ ಎಷ್ಟು ಮಂದಿ ಎರಡನೆಯದರಲ್ಲಿ 'ಇಲ್ಲ' ಎಂದಿದ್ದಾರೆಂಬುದನ್ನು ಎಣಿಸಿ. ಹಾಗೆಂದವರು ಒಬ್ಬರೇ ಆಗಿದ್ದರೂ ಸರಿಯೆ, ಆ ಒಬ್ಬರ ಮಾತು ಈ ಇಡೀ ಲೇಖನಕ್ಕಿಂತ ಬೆಲೆಯುಳ್ಳದ್ದು.

ಗುಬ್ಬಿಯ ಹಿಂದಿನ ಸಾಲಿನ ಹುಡುಗನಿಗೆ ಅಂದು ಕೊಡಲಾಗದ ಉತ್ತರವನ್ನು ಈಗ ಕೊಡುತ್ತಿದ್ದೇವೆ. ಒಬ್ಬರಿಗೆ ಕಚಗುಳಿಯಾಗುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯಬೇಕೆ? ಮೊದಲು ಅವರನ್ನು ಕೇಳು. ಅವರು ಒಪ್ಪಿದರೆ ಮುಟ್ಟು. ಮುಟ್ಟಿದ ಮೇಲೆ ಕೈಯನ್ನು ಹಿಂದಕ್ಕೆ ತೆಗೆದು, ಸ್ವಲ್ಪ ಹೊತ್ತು ಸುಮ್ಮನಿದ್ದು ನೋಡು. ಅಂದು ನಿನ್ನ ಪಕ್ಕೆಯನ್ನು ತಿವಿದವನಿಗೂ ಇದನ್ನು ಓದಿ ಹೇಳು.